ತುಂಬಿದ ಲೋಟಕ್ಕೆ ನೀರು

ನನ್ನ ತಂಗಿಯನ್ನು ನನ್ನ ತಂಗಿ ಎಂದು ಹೇಳಬೇಕಾದ ಕಡೆ ನಾನು ಹೇಳಲಿಲ್ಲ. ಬಾಯಿ ತುಂಬ ಊಟವಿತ್ತು ಎಂದು ನೆಪ ಹೇಳಬಹುದಿತ್ತು. ಆದರೆ ಅವಳು ಬಂದು ನನ್ನ ಪಕ್ಕದಲ್ಲಿ ನಿಂತಾಗ ತಟ್ಟೆಗಳು ಇನ್ನೂ ಬಂದಿರಲಿಲ್ಲ. ಬಾಯಿ ಖಾಲಿಯೇ ಇತ್ತು. ಖಾಲಿ ಬಾಯನ್ನೇ ಮುಚ್ಚಿಕೊಂಡು ಕೂತೆ. ಆಮೇಲೆ ಒಂದು ಸಲ ಬಾಯಿ ಬಿಟ್ಟೆ, ಅದು ಇನ್ನೂ ಕೆಟ್ಟದ್ದಾಯಿತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪನ್ನು ಸುತ್ತಿ ಬಳಸಿ ಹೇಳುವ ವಿದ್ಯೆ ನನಗಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮನೆಯಲ್ಲಿ ಇದು ಬಯಲಾದದ್ದು ಒಂದು ಬಿಳಿ ಬಟ್ಟೆಯಿಂದ. ನನ್ನ ಹೆಂಡತಿ ಶಾರದ ವಾಷಿಂಗ್ ಮಷೀನಿಗೆ ಬಟ್ಟೆ ಹಾಕುವ ಮುಂಚೆ ನನ್ನ ಜೇಬುಗಳನ್ನು ತಪಾಸಣೆ ಮಾಡುತ್ತಾಳೆ. ಸಾರಕ್ಕಿಯಲ್ಲಿ ನನ್ನದೊಂದು ಟೈಲ್ಸ್ ಅಂಗಡಿ ಇದೆ. ಟೈಲ್ಸ್ ಅಂಗಡಿಯವನ ಜೇಬಲ್ಲಿ ಏನುಂಟು ಏನಿಲ್ಲ ಹೇಳಿ. ಅಳತೆ ಟೇಪು, ಪೆನ್ಸಿಲ್ ಚೂರು, ಹಿಡಿಯಷ್ಟು ಬಿಳಿ ಸಿಮೆಂಟು. ಒಂದು ಸಲ ಆ ಸಿಮೆಂಟು ಮಷೀನಿನೊಳಗೆ ಗಟ್ಟಿಯಾಗಿ, ರಿಪೇರಿಯವನು "ಸಾರ್, ಇದ್ರೊಳಗೆ ಮನೆ ಕಟ್ತಾ ಇದೀರಾ?" ಎಂದು ಕೇಳಿದ್ದ. ಅಂದಿನಿಂದ ಈ ತಪಾಸಣೆ.

ಆವತ್ತು ಜೇಬಿನಿಂದ ಹೊರಬಂದದ್ದು ಅರ್ಧ ಟವಲ್ಲಿನಷ್ಟು ದೊಡ್ಡ, ದಪ್ಪನೆಯ ಬಿಳಿ ಬಟ್ಟೆ.

"ಏನ್ರೀ ಇದು?"

"ಕರ್ಚೀಫು."

"ಇಷ್ಟು ದೊಡ್ಡ ಕರ್ಚೀಫಾ? ಆನೆ ಮೂಗು ಒರೆಸೋಕಾ?"

ಅದು ಊಟಕ್ಕೆ ಕೂತಾಗ ತೊಡೆಯ ಮೇಲೆ ಹಾಸಿಕೊಳ್ಳುವ ಬಟ್ಟೆ. ಎದ್ದಾಗ ಮೇಜಿನ ಮೇಲೆ ಬಿಟ್ಟು ಬರಬೇಕಂತೆ. ನನಗೇನು ಗೊತ್ತು? ಬಾಯಿ ಒರೆಸಿಕೊಂಡ ಬಟ್ಟೆಯನ್ನು ಬೇರೆಯವರಿಗೆ ಬಿಟ್ಟು ಬರಬಾರದು ಎಂದುಕೊಂಡು, ಮರ್ಯಾದಸ್ಥನ ಹಾಗೆ ಮಡಚಿ ಜೇಬಿಗಿಟ್ಟುಕೊಂಡು ಬಂದಿದ್ದೆ. ಬಟ್ಟೆಯ ಮೂಲೆಯಲ್ಲಿ ದಾರದಲ್ಲಿ ಇಂಗ್ಲಿಷ್ ಅಕ್ಷರ ಹೊಲಿದಿದ್ದರು. ಶಾರದ ಎಸ್ಸೆಸ್ಸೆಲ್ಸಿ ಪಾಸು. ಕೂಡಿಸಿಕೊಂಡು ಓದಿದಳು.

"ಇದು ರೇಣು ಕೆಲಸ ಮಾಡೋ ಹೋಟೆಲ್ದು ಅಲ್ವಾ? ಹೋಗಿದ್ರಾ? ರೇಣು ಸಿಕ್ಕಿದ್ಲಾ?"

"ಸಿಕ್ಕಿದ್ಲು."

"ಏನಂದ್ಲು?"

"ಸಾರ್ ಅಂದ್ಲು."

ಶಾರದ ಬಟ್ಟೆಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಮಷೀನು ಆವತ್ತು ಒಂದು ಗಂಟೆ ತಡವಾಗಿ ತಿರುಗಿತು.

ಊಟದ ಕಥೆ ಹೇಳುತ್ತೇನೆ. ಟೈಲ್ಸ್, ನಲ್ಲಿ ಎರಡೂ ಮಾಡುವ ಕಂಪನಿಯ ಏರಿಯಾ ಮ್ಯಾನೇಜರ್ ಸತೀಶ್ ಎಂದು. ವರ್ಷಕ್ಕೊಂದು ಸಲ ಚೆನ್ನಾಗಿ ವ್ಯಾಪಾರ ಮಾಡಿದವರನ್ನು ದೊಡ್ಡ ಕಡೆ ಊಟಕ್ಕೆ ಕರೆದುಕೊಂಡು ಹೋಗುತ್ತಾರೆ. ಈ ಸಲ ನಾನು, ಮತ್ತೆ ಜರಗನಹಳ್ಳಿಯಲ್ಲಿ ನಲ್ಲಿ, ಸಿಂಕು ಮಾರುವ ನನ್ನ ಗೆಳೆಯ ಮುನಿರಾಜು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಸತೀಶ್, "ಸರ್‌ಪ್ರೈಸ್ ನಂಜುಂಡಣ್ಣ, ಸುಮ್ನೆ ಕಾರು ಹತ್ತಿ" ಎಂದರು. ಕಾರು ಜೇಪಿ ನಗರದಲ್ಲಿ ಒಂದು ಕಪ್ಪು ಗಾಜಿನ ಬಾಗಿಲ ಮುಂದೆ ನಿಂತಿತು. ಸ್ಟೇಕ್ ಹೌಸು.

ನಾನು ಯಾವ ಕಟ್ಟಡಕ್ಕೆ ಹೋದರೂ ಮೊದಲು ನೋಡುವುದು ನೆಲ. ಅಂಗಡಿ ಇಡುವ ಮುಂಚೆ ಹದಿನೆಂಟು ವರ್ಷ ಟೈಲ್ಸ್ ಕೂರಿಸಿದವನು. ಮದುವೆಮನೆಯಲ್ಲಿ ಹುಡುಗ ಹುಡುಗಿಯನ್ನು ನೋಡುವ ಮುಂಚೆ ನೆಲದ ಮಟ್ಟ ನೋಡುತ್ತೇನೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಸಾಕು, ಕೆಳಗೆ ಸಿಮೆಂಟು ಸರಿಯಾಗಿ ತುಂಬಿದೆಯೋ, ಟೊಳ್ಳು ಬಿಟ್ಟಿದ್ದಾರೋ ಗೊತ್ತಾಗುತ್ತದೆ. ಅಲ್ಲೂ ಬಾಗಿಲಲ್ಲೇ ಬಗ್ಗಿದೆ.

"ಲೇ, ಇಲ್ಲೂ ಶುರು ಹಚ್ಕೋಬೇಡ" ಎಂದ ಮುನಿರಾಜು, ನನ್ನ ಕಾಲರ್ ಹಿಡಿದು ಎತ್ತುತ್ತಾ.

ಒಳಗೆ ಮಂದ ಬೆಳಕು. ನಮ್ಮ ಅಂಗಡಿಯಲ್ಲಿ ಇಷ್ಟು ಬೆಳಕಿಟ್ಟರೆ ಬಣ್ಣ ಕಾಣಲ್ಲ ಎಂದು ಗಿರಾಕಿ ಎದ್ದು ಹೋಗುತ್ತಾನೆ. ಮೆನು ಎಂದು ಕೈಗೆ ಕೊಟ್ಟದ್ದು ನನ್ನ ಏಳನೇ ಕ್ಲಾಸಿನ ಸಮಾಜ ಪುಸ್ತಕದಷ್ಟು ದಪ್ಪ, ಅದರಷ್ಟೇ ನನಗೆ ಅರ್ಥವಾಗದ್ದು. ಸ್ಟೇಕ್ ಎಂದರೆ ಮಾಂಸವನ್ನು ತುಂಡು ಮಾಡದೆ, ಒಂದೇ ದಪ್ಪ ಬಿಲ್ಲೆಯಾಗಿ ಕೆಂಡದ ಮೇಲೆ ಸುಡುವುದು. ನಾವು ಮಾಂಸವನ್ನು ಸಾರಿನಲ್ಲಿ ಹುಡುಕಿಕೊಂಡು ತಿಂದು ಬೆಳೆದವರು. ಇಲ್ಲಿ ಹುಡುಕುವ ಕೆಲಸವೇ ಇಲ್ಲ, ಎಂಟಿಂಚು ಟೈಲ್ಸ್ ಹಾಗೆ ತಟ್ಟೆ ತುಂಬ ಕೂತಿರುತ್ತದೆ.

ಹೀಗೆ ಕಣ್ಣು ಬಿಟ್ಟುಕೊಂಡು ಕೂತಿದ್ದಾಗ ಕಪ್ಪು ಕೋಟು ಹಾಕಿದ, ಕೂದಲು ಬಿಗಿದು ಕಟ್ಟಿದ ಹೆಂಗಸು ಬಂದು ನಿಂತಳು.

"ಗುಡ್ ಈವ್ನಿಂಗ್ ಸಾರ್. ನಾನು ರೇಣುಕಾ. ಇವತ್ತು ನಿಮ್ಮ ಟೇಬಲ್ ನಾನೇ ನೋಡ್ಕೋತೀನಿ."

ನನ್ನ ತಂಗಿ ರೇಣು. ಜೇಪಿ ನಗರದ ದೊಡ್ಡ ಹೋಟೆಲಲ್ಲಿದ್ದಾಳೆ, ನೆಲ ಒರೆಸುವ ಕೆಲಸಕ್ಕೆ ಸೇರಿದವಳು ಬಡಿಸುವ ಕೆಲಸಕ್ಕೆ ಬಂದು ಈಗ ಬಡಿಸುವವರ ಮೇಲೆ ಕ್ಯಾಪ್ಟನ್ ಆಗಿದ್ದಾಳೆ ಎಂದು ಗೊತ್ತಿತ್ತು. "ಒಂದ್ಸಲ ಬಾ ಅಣ್ಣ, ಅತ್ತಿಗೇನೂ ಕರ್ಕೊಂಡ್ ಬಾ" ಎಂದು ಎಷ್ಟೋ ಸಲ ಕರೆದಿದ್ದಳು. ಹೋಗಿರಲಿಲ್ಲ. ಹೋಟೆಲಿನ ಹೆಸರನ್ನೂ ನೆನಪಿಟ್ಟುಕೊಂಡಿರಲಿಲ್ಲ. ಈಗ ಅವಳು ಸತೀಶ್ ಅವರನ್ನು ಎಷ್ಟು ಹೊತ್ತು ನೋಡಿದಳೋ, ಮುನಿರಾಜುವನ್ನು ಎಷ್ಟು ಹೊತ್ತು ನೋಡಿದಳೋ, ನನ್ನನ್ನೂ ಅಷ್ಟೇ ಹೊತ್ತು ನೋಡಿದಳು. "ನಿಮಗೆ ಕುಡಿಯೋಕೆ ಏನು ಸಾರ್?" ಎಂದಳು. ಅಣ್ಣ ಎನ್ನುತ್ತಾಳೇನೋ ಎಂದು ಹೆದರಿದ್ದೆ. ಸಾರ್ ಎಂದ ಕೂಡಲೇ ನಿರಾಳವಾಯಿತು. ನನಗೆ ನಿರಾಳವಾಯಿತಲ್ಲ, ಆ ಮಾತನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ.

ಬಡಿಸುವವರೆಂದರೆ ನನಗ್ಯಾಕೆ ಆ ನಾಚಿಕೆ ಎಂದರೆ, ನಮ್ಮಮ್ಮ ಬಡಿಸುವವಳು. ಅಡುಗೆ ಕಂಟ್ರಾಕ್ಟರ್ ಒಬ್ಬರ ಜೊತೆ ಜಯನಗರ, ಬನಶಂಕರಿ ಕಡೆಯ ಛತ್ರಗಳಲ್ಲಿ ಮದುವೆ ಊಟಕ್ಕೆ ಬಡಿಸಲು ಹೋಗುತ್ತಿದ್ದಳು. ಪಲ್ಯದ ಬಕೆಟ್ಟು ಹಿಡಿದು ಒಂದು ಪಂಕ್ತಿ ಮುಗಿಸಿ ಬಂದರೆ ಸೊಂಟ ನೆಟ್ಟಗಾಗಲು ಐದು ನಿಮಿಷ ಬೇಕು. ಮನೆಯಲ್ಲಿ ರೇಣುವಿಗೆ ಪಾಠ: "ಎಲೆ ನೋಡ್ಬೇಡ ಕಣೆ, ಉಣ್ಣೋರ ಮುಖ ನೋಡು. ಬೇಕು ಅನ್ನೋರು ಬಾಯಿ ಬಿಟ್ಟು ಕೇಳಲ್ಲ." ನನಗೆ ಆ ಪಾಠ ಹೇಳುತ್ತಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಭಾನುವಾರಗಳಲ್ಲಿ ನಮ್ಮಿಬ್ಬರನ್ನೂ ಛತ್ರಕ್ಕೆ ಕರೆದುಕೊಂಡು ಹೋಗಿ ಹಿಂಬಾಗಿಲ ಹತ್ತಿರ ಕೂರಿಸುತ್ತಿದ್ದಳು. ಒಂದು ಸಲ ನನ್ನ ಕ್ಲಾಸಿನ ಹುಡುಗ ಒಬ್ಬ ಜರಿ ಅಂಚಿನ ಪಂಚೆ ಉಟ್ಟುಕೊಂಡು ಅದೇ ಮದುವೆಗೆ ಬಂದಿದ್ದ. ಕೈ ತೊಳೆಯಲು ಹಿಂದೆ ಬಂದವನು ನನ್ನನ್ನು ನೋಡಿ, "ಅಲ್ಲಿ ಬಡಿಸ್ತಾ ಇರೋದು ನಿಮ್ಮಮ್ಮ ಅಲ್ವೇನೋ?" ಎಂದ.

"ಅಲ್ಲ" ಎಂದೆ.

ಪಕ್ಕದಲ್ಲಿದ್ದ ರೇಣುವಿಗೆ ಆಗ ಐದು ವರ್ಷ. "ನಮ್ಮಮ್ಮನೇ!" ಎಂದು ಕೂಗಿಕೊಂಡು ಪಂಕ್ತಿಯ ನಡುವೆ ಓಡಿಹೋಗಿ ಅಮ್ಮನ ಸೆರಗು ಹಿಡಿದಳು. ಊಟಕ್ಕೆ ಕೂತವರೆಲ್ಲ ನಕ್ಕರು. ಕಂಟ್ರಾಕ್ಟರು ಅವಳ ಎರಡೂ ಕೈಗೆ ಒಂದೊಂದು ಜಿಲೇಬಿ ಕೊಟ್ಟರು. ನನಗೆ ಒಂದೂ ಸಿಗಲಿಲ್ಲ. ಅವಳು ಅರ್ಧ ಕೊಡಲು ಬಂದಳು, ಬೇಡ ಎಂದು ದೂಡಿದೆ. ಇಷ್ಟು ವರ್ಷದಲ್ಲಿ ನಾನು ದೊಡ್ಡವನಾದೆ, ಅಂಗಡಿ ಇಟ್ಟೆ, ಹೊಟ್ಟೆ ಬಂತು. ಅಲ್ಲ ಎನ್ನುವ ಚಾಳಿ ಮಾತ್ರ ಹೋಗಲಿಲ್ಲ. ಯಾರಾದರೂ ಕೇಳಿದರೆ, "ತಂಗಿ ಜಯನಗರದಲ್ಲಿ ಆಫೀಸಲ್ಲಿದ್ದಾಳೆ" ಎನ್ನುತ್ತಿದ್ದೆ. ಯಾವ ಆಫೀಸು ಎಂದು ಕೇಳಿದರೆ, "ಅದೇ, ಕಂಪ್ಯೂಟರ್ ಇರುತ್ತಲ್ಲ, ಅಂಥದ್ದು" ಎನ್ನುತ್ತಿದ್ದೆ.

ಸ್ಟೇಕ್ ಹೌಸಿಗೆ ವಾಪಸ್ ಬರೋಣ. ಮಾಂಸ ಎಷ್ಟು ಬೇಯಬೇಕು ಎಂದು ಅಲ್ಲಿ ಗಿರಾಕಿಯನ್ನೇ ಕೇಳುತ್ತಾರೆ. ಸತೀಶ್ ಏನೋ ಮೀಡಿಯಂ ಎಂದರು, ಮುನಿರಾಜುವೂ ಗೊತ್ತಿರುವವನ ಹಾಗೆ ಮೀಡಿಯಂ ಎಂದ. ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯುವ ಮುಂಚೆಯೇ ರೇಣು, "ಸಾರ್‌ಗೆ ಕುರಿ ಮಾಂಸದ್ದು, ಪೂರ್ತಿ ಬೇಯಿಸಿ ತರ್ತೀನಿ" ಎಂದು ಬರೆದುಕೊಂಡಳು.

"ಕೇಳ್ದೇನೇ ಬರ್ಕೊಂಡ್ರಲ್ಲ?" ಎಂದರು ಸತೀಶ್.

"ಮುಖ ನೋಡಿದ್ರೆ ಗೊತ್ತಾಗುತ್ತೆ ಸಾರ್."

ತಟ್ಟೆಗಳು ಬಂದವು. ನನ್ನ ಬಲಗೈ ಹೆಬ್ಬೆರಳು ಟೈಲ್ಸ್ ಕತ್ತರಿಸುವ ಮಷೀನಿಗೆ ಸಿಕ್ಕಿ ಹನ್ನೆರಡು ವರ್ಷವಾಯಿತು. ಬೆರಳು ಉಳಿಯಿತು, ಬಲ ಹೋಯಿತು. ಗರಗಸದಂಥ ಆ ಚಾಕು ನೋಡಿ, ಇದನ್ನು ಒತ್ತುವುದು ಹೇಗೆ ಎಂದು ಆಗಲೇ ಬೆವೆತಿದ್ದೆ. ನೋಡಿದರೆ ನನ್ನ ತಟ್ಟೆಯಲ್ಲಿ ಮಾಂಸ ಸಣ್ಣಗೆ ಕತ್ತರಿಸಿ, ಒಂದರ ಮೇಲೊಂದು ಒರಗಿಸಿ ಜೋಡಿಸಿತ್ತು. ಪಕ್ಕದಲ್ಲಿ ಮುನಿರಾಜುದೂ, ಎದುರಿಗೆ ಸತೀಶ್ ಅವರದೂ ಹಾಗೇ. "ಶೆಫ್ ಇವತ್ತು ಹೀಗೆ ಕೊಡ್ತಾ ಇದಾರೆ ಸಾರ್" ಎಂದು ರೇಣು ಸರಿದು ಹೋದಳು. ದೊಡ್ಡ ಹೋಟೆಲಿನ ಪದ್ಧತಿಯೇ ಹೀಗಿರಬೇಕು ಎಂದುಕೊಂಡು ತಿಂದೆ. ನನ್ನ ಬುದ್ಧಿ ಅಷ್ಟೇ.

ಸತೀಶ್ ಕೆಟ್ಟ ಮನುಷ್ಯ ಅಲ್ಲ. ಆದರೆ ಕರೆಯುವುದಕ್ಕೆ ಚಿಟಿಕೆ ಹೊಡೆಯುತ್ತಾರೆ. "ಹಲೋ, ಸಾಸ್!" ಒಂದು ಚಿಟಿಕೆ. "ಹಲೋ, ಐಸ್!" ಇನ್ನೊಂದು. ಪ್ರತಿ ಸಲವೂ ಅವಳು ಅದೇ ನಗುಮುಖದಲ್ಲಿ ಬಂದಳು. ಕೈಯಿಂದ ಫೋರ್ಕು ಜಾರಿದರೆ ನೆಲ ಮುಟ್ಟುವಷ್ಟರಲ್ಲಿ ಹೊಸದು ಬರುತ್ತಿತ್ತು. ಮುನಿರಾಜು ಎರಡು ಸಲ ಕೆಮ್ಮಿದ್ದಕ್ಕೆ ಯಾರೂ ಹೇಳದೆ ಬಿಸಿನೀರು ಬಂತು.

"ಏನ್ ಸರ್ವಿಸ್ ಗುರು!" ಎಂದ ಮುನಿರಾಜು. ಆಮೇಲೆ ಅವಳ ಕೋಟಿನ ಮೇಲಿನ ಹೆಸರು ನೋಡಿ, "ಲೋ ನಂಜುಂಡಿ, ನಿನ್ ತಂಗಿ ಹೆಸ್ರೂ ರೇಣುಕಾನೇ ಅಲ್ವಾ?" ಎಂದ.

ಅವಳು ಆಗ ನನ್ನ ಹೆಗಲ ಪಕ್ಕದಲ್ಲೇ ನೀರಿನ ಜಗ್ಗು ಹಿಡಿದು ಬಗ್ಗಿದ್ದಳು.

"ಹೂಂ. ಅವಳು ಆಫೀಸಲ್ಲಿರೋದು" ಎಂದೆ.

ಜಗ್ಗು ಅಲುಗಲಿಲ್ಲ. ಒಂದು ಹನಿಯೂ ಮೇಜಿನ ಮೇಲೆ ಬೀಳಲಿಲ್ಲ.

ಇದಾದ ಮೇಲೆ ನಾನು ಮಾಡಿದ ಘನಕಾರ್ಯ ಏನು ಗೊತ್ತೆ? ಅವಳ ಮೇಲೆ ಕೋಪ ಮಾಡಿಕೊಂಡೆ. ಅಣ್ಣನನ್ನು ಸಾರ್ ಎಂದವಳು ಅವಳು ತಾನೆ? ಮೊದಲು ಗುರುತಿಲ್ಲದ ಹಾಗೆ ಇದ್ದದ್ದು ಯಾರು? ಶಾರದಳ ಮುಂದೆ ಇದೇ ವಾದ ಹೂಡಿದೆ. ಅವಳು ಆ ಬಿಳಿ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಕಪಾಟಿನಲ್ಲಿ ನನಗೆ ಕಾಣುವ ಹಾಗೆ ಇಟ್ಟಳು.

ಗೌರಿ ಹಬ್ಬ ಬಂತು. ಹಬ್ಬದ ದಿನ ರೇಣು ತವರಿನ ಬಾಗಿನ ತೆಗೆದುಕೊಳ್ಳಲು ನಮ್ಮ ಮನೆಗೆ ಬರುವುದು ಅಮ್ಮ ಇದ್ದಾಗಿನಿಂದ ನಡೆದುಬಂದದ್ದು. ಅಮ್ಮ ಹೋದ ಮೇಲೂ ತಪ್ಪಿರಲಿಲ್ಲ. ಈ ಸಲ ಫೋನ್ ಬಂತು: "ಡ್ಯೂಟಿ ಇದೆ ಅಣ್ಣ, ಆಗಲ್ಲ." ಅಷ್ಟೇ. ಶಾರದ ಮೊರ, ಸೀರೆ, ಬಳೆ, ಅದರ ಮೇಲೆ ಆ ಬಿಳಿ ಬಟ್ಟೆ ಇಟ್ಟು ನನ್ನ ಕೈಗೆ ಕೊಟ್ಟು ಬಾಗಿಲು ತೋರಿಸಿದಳು.

ಉತ್ತರಹಳ್ಳಿಯಲ್ಲಿ ರೇಣುವಿನ ಮನೆ. ಗಂಡ ಕ್ಯಾಬ್ ಓಡಿಸುತ್ತಾನೆ, ಮನೆಯಲ್ಲಿರಲಿಲ್ಲ. ಅವಳು ಡ್ಯೂಟಿಯ ಬಟ್ಟೆಯಲ್ಲೇ ಹೊರಡುವುದರಲ್ಲಿದ್ದಳು. ಬಾಗಿನ ಕಣ್ಣಿಗೊತ್ತಿಕೊಂಡಳು. ಬಟ್ಟೆ ನೋಡಿ ನಕ್ಕಳು.

"ಅಯ್ಯೋ, ಇದನ್ನ ಜೇಬಿಗೆ ಹಾಕ್ಕೊಂಡ್ಯಾ? ಆವತ್ತು ಒಂದು ಕಮ್ಮಿ ಬಂತು ಅಂತ ಎಲ್ಲ ಕಡೆ ಹುಡುಕಿಸ್ದೆ."

ಕಾಫಿ ಕೊಟ್ಟಳು. ನಗು ನೋಡಿ ನನಗೆ ಧೈರ್ಯ ಬಂತು. ಧೈರ್ಯ ಬಂದರೆ ನಾನು ಮೊದಲು ಮಾಡುವುದು ಬೇರೆಯವರ ತಪ್ಪು ಹಿಡಿಯುವುದು.

"ಅಲ್ಲ ಕಣೆ, ಮೊದ್ಲು ಸಾರ್ ಅಂದದ್ದು ನೀನು ತಾನೆ?"

"ಹೂಂ, ಅಂದೆ. ನಮ್ಮಲ್ಲಿ ಹಾಗೇ ಹೇಳ್ಕೊಟ್ಟಿರೋದು. ಗೊತ್ತಿರೋರು ಬಂದ್ರೂ ನಾವಾಗಿ ಗುರುತು ತೋರಿಸೋ ಹಾಗಿಲ್ಲ. ಅವ್ರು ಯಾರ ಜೊತೆ ಬಂದಿರ್ತಾರೋ, ಮನೇಲಿ ಏನು ಹೇಳಿ ಬಂದಿರ್ತಾರೋ. ಗೆಸ್ಟು ಮೊದ್ಲು ಮಾತಾಡಿಸಿದ್ರೆ ನಾವೂ ಮಾತಾಡಿಸ್ಬೋದು. ಇಲ್ದಿದ್ರೆ ಸಾರ್, ಮೇಡಂ, ಅಷ್ಟೆ."

"ನಿಮ್ಮ ರೂಲ್ಸು ನಂಗೇನು ಗೊತ್ತು?"

"ನಿಂಗೆ ರೂಲ್ಸ್ ಗೊತ್ತಿರ್ಬೇಕಾಗಿರ್ಲಿಲ್ಲ ಅಣ್ಣ." ಅವಳು ಕೂದಲಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತಾ ಕನ್ನಡಿಯ ಕಡೆ ನೋಡಿಕೊಂಡೇ ಹೇಳಿದಳು. "ನಾನು ನಾಲ್ಕು ಸಲ ನಿನ್ನ ಲೋಟಕ್ಕೆ ನೀರು ಹಾಕೋಕೆ ಬಂದೆ. ಲೋಟ ತುಂಬೇ ಇತ್ತು. ನೀನು ಕುಡ್ದೇ ಇರ್ಲಿಲ್ಲ."

 ಆವತ್ತು ಅವಳು ಯಾಕೆ ಮತ್ತೆ ಮತ್ತೆ ನನ್ನ ಬಲಗಡೆಗೇ ಬರುತ್ತಾಳೆ ಎಂದು ನಾನು ಬೈದುಕೊಂಡಿದ್ದೆ. ಬೇರೆ ಏನೂ ತೋಚದೆ, "ಆ ಮಾಂಸ ಕತ್ತರಿಸಿ ತಂದದ್ದು?" ಎಂದು ಕೇಳಿದೆ.

"ನಿನ್ ಗೆಳೆಯರದ್ದೂ ಮಾಡಿಸ್ದೆ. ನಿನ್ನೊಬ್ಬನದೇ ಆದ್ರೆ ಎಲ್ರೂ ನಿನ್ನ ಕೈ ನೋಡ್ತಿದ್ರು."

"ರೇಣು, ಆವತ್ತು ನಾನು..." ಎಂದು ಶುರು ಮಾಡಿದೆ.

"ಬಿಡಣ್ಣ. ಬಸ್ಸು ತಪ್ಪಿ ಹೋಗುತ್ತೆ" ಎಂದು ಬ್ಯಾಗು ತೆಗೆದುಕೊಂಡಳು. ಬೀಗ ಹಾಕುವವರೆಗೂ ನನ್ನ ಕಡೆ ತಿರುಗಲಿಲ್ಲ.

ಮನೆಗೆ ಬಂದು ಶಾರದಳಿಗೆ ಹೇಳಿದೆ: "ಕ್ಷಮೆ ಕೇಳೋಕೆ ಹೋದೆ, ಅವಳೇ ಬಿಡು ಅಂದ್ಲು. ಮುಗೀತಲ್ಲ?"

"ಅಲ್ಲಿ ನಾಲ್ಕು ಜನದ ಮುಂದೆ ಆಡಿದ್ದನ್ನ ಅವಳ ಮನೇಲಿ ಯಾರಿಗೂ ಕೇಳಿಸ್ದಂಗೆ ವಾಪಸ್ ತಗೋತೀರಾ?" ಎಂದಳು. "ಗಿರಾಕಿ ಮನೇಲಿ ಒಡೆದ ಟೈಲ್ಸ್‌ನ ನಿಮ್ಮನೇಲಿ ಕೂತು ಅಂಟಿಸ್ತೀರೇನ್ರೀ?"

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕಸುಬಿನ ಭಾಷೆಯಲ್ಲಿ ಅವಳು ನನ್ನನ್ನು ಬೈದದ್ದು ಅದೇ ಮೊದಲು. ಸರಿಯಾಗಿ ತಾಗಿತು. ಟೊಳ್ಳಾಗಿ ಕೂತ ಟೈಲ್ಸಿಗೆ ಮೇಲಿಂದ ಬಿಳಿ ಸಿಮೆಂಟು ಬಳಿದರೆ ನಿಲ್ಲುವುದಿಲ್ಲ ಎಂದು ಎಷ್ಟು ಹುಡುಗರಿಗೆ ನಾನು ಹೇಳಿಕೊಟ್ಟಿಲ್ಲ? ಅದನ್ನು ಒಡೆದು ತೆಗೆಯಬೇಕು. ಕೂರಿಸಿದ ಜಾಗದಲ್ಲೇ, ಧೂಳು ಎದ್ದರೂ ಪರವಾಗಿಲ್ಲ ಎಂದು ಒಡೆಯಬೇಕು.

ಅಲ್ಲೇ ಹೋಗುವುದು, ಅದೇ ಮೇಜು, ಅದೇ ಜನ ಎಂದು ತೀರ್ಮಾನ ಮಾಡಿದೆ. ಹೆದರಿಕೆ ಇರಲಿಲ್ಲ ಎಂದಲ್ಲ. ಮುನಿರಾಜುವಿನ ಕಿವಿಗೆ ಬಿದ್ದರೆ ಮಾರನೇ ಬೆಳಿಗ್ಗೆ ಜರಗನಹಳ್ಳಿಯಿಂದ ಸಾರಕ್ಕಿ ಸಿಗ್ನಲ್‌ವರೆಗೆ ಇರುವ ಎಲ್ಲಾ ಹಾರ್ಡ್‌ವೇರ್ ಅಂಗಡಿಗೂ, ನಂಜುಂಡಿ ಇಷ್ಟು ವರ್ಷ ಸುಳ್ಳು ಹೇಳಿದ ಎಂದು ಗೊತ್ತಾಗುತ್ತದೆ. ಗೊತ್ತಾಗಲಿ. ಹೋಟೆಲಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಇಂಗ್ಲಿಷಲ್ಲಿ ಶುರು ಮಾಡಿದಳು.

"ಕನ್ನಡ ಬರುತ್ತಾಮ್ಮ?"

"ಬರುತ್ತೆ ಸಾರ್, ಹೇಳಿ."

"ರೇಣುಕಾ ಅವರು ನೋಡ್ಕೋತಾರಲ್ಲ, ಆ ಕಡೆ ಮೂರು ಜನಕ್ಕೆ ಒಂದು ಟೇಬಲ್."

"ರೇಣುಕಾ ಮೇಡಂ ಟೇಬಲ್‌ಗೆ ತುಂಬಾ ಜನ ಕೇಳ್ತಾರೆ ಸಾರ್. ಶುಕ್ರವಾರ ಆಗುತ್ತಾ?"

ರೇಣುಕಾ ಮೇಡಂ! ಕೇಳಿ ಹೆಮ್ಮೆಯಾಯಿತು. ಹೆಮ್ಮೆ ಪಡುವ ಹಕ್ಕು ಇನ್ನೂ ಬಂದಿಲ್ಲವಲ್ಲ ಎಂದುಕೊಂಡು, ಆಗುತ್ತೆ ಎಂದೆ.

ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ, ಹೊಳೆಯುವ ಟೈಲ್ಸಿನಲ್ಲಿ ನನ್ನ ಮುಖ ನೋಡಿಕೊಂಡು ಮಾತು ಅಭ್ಯಾಸ ಮಾಡಿದೆ. ಒಂದು ಸಲ ಗಿರಾಕಿ ಹೆಂಗಸೊಬ್ಬರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. "ಯಾರ ಹತ್ರ ಕ್ಷಮೆ ಕೇಳ್ತಾ ಇದೀರಾ, ಗೋಡೆ ಹತ್ರಾನಾ?" ಎಂದರು. ಬಾತ್‌ರೂಮಿಗೆ ಟೈಲ್ಸ್ ನೋಡಲು ಬಂದವರು ನೋಡದೆ ಹೋದರು.

ಶುಕ್ರವಾರ ಸಂಜೆ ಸತೀಶ್, "ಏನ್ ನಂಜುಂಡಣ್ಣ, ನೀವು ನಮಗೆ ಊಟ ಹಾಕಿಸೋದಾ? ಪಾರ್ಟಿ ಯಾವ ಖುಷಿಗೆ?" ಎನ್ನುತ್ತಲೇ ಬಂದರು. ಮುನಿರಾಜು ಸ್ನಾನ ಮಾಡಿ ಸೆಂಟು ಹಾಕಿಕೊಂಡು ಬಂದಿದ್ದ. ಅದೇ ಮಂದ ಬೆಳಕು. ಅದೇ ದಪ್ಪ ಪುಸ್ತಕ. ರೇಣು ಬಂದಳು. ನನ್ನನ್ನು ನೋಡಿ ಒಂದು ಕ್ಷಣ ನಿಂತಳು, ಆಮೇಲೆ ಮುಖ ಸರಿಮಾಡಿಕೊಂಡಳು.

"ಗುಡ್ ಈವ್ನಿಂಗ್ ಸಾರ್. ನಾನು ರೇಣುಕಾ."

ಅಭ್ಯಾಸ ಮಾಡಿದ್ದ ಒಂದು ಮಾತೂ ನೆನಪಿಗೆ ಬರಲಿಲ್ಲ. ಆರ್ಡರ್ ಕೊಟ್ಟದ್ದಾಯಿತು, ಅವಳು ಹೋಗಿದ್ದೂ ಆಯಿತು. ಈಗ ಆಗಲಿಲ್ಲವಾದರೆ ಇನ್ನು ಯಾವತ್ತೂ ಆಗುವುದಿಲ್ಲ ಎನಿಸಿತು. ಅಷ್ಟರಲ್ಲಿ ಸತೀಶ್ ಕೈ ಮೇಲೆತ್ತಿ, "ಹಲೋ, ಇಲ್ಲಿ!" ಎಂದು ಚಿಟಿಕೆ ಹೊಡೆದರು. ಅವಳು ಬಂದಳು. ನಾನು ಎದ್ದು ನಿಂತೆ. ಕುರ್ಚಿ ನೆಲಕ್ಕೆ ಉಜ್ಜಿ ಜೋರಾಗಿ ಸದ್ದಾಯಿತು. ಅಕ್ಕಪಕ್ಕದ ಮೇಜಿನವರೂ ತಿರುಗಿದರು. ಒಳ್ಳೆಯದೇ ಆಯಿತು.

"ಸತೀಶ್ ಸಾರ್, ಚಿಟಿಕೆ ಹೊಡೀಬೇಡಿ. ಇವಳು ನನ್ನ ತಂಗಿ."

ಸತೀಶ್ ಅವರ ಕೈ ಗಾಳಿಯಲ್ಲೇ ನಿಂತಿತು. ಮುನಿರಾಜು, "ಏಯ್, ನಿನ್ ತಂಗಿ ಆಫೀಸಲ್ಲಿ ಅಂತಿದ್ಯಲ್ಲೋ?" ಎಂದ.

"ಆಫೀಸು ಗೀಫೀಸು ಏನಿಲ್ಲ ಮುನಿರಾಜು. ಸುಳ್ಳು ಹೇಳ್ದೆ. ಇಷ್ಟು ವರ್ಷ ಹೇಳ್ದೆ. ಹೋದ ಸಲ ಇವಳು ಪಕ್ಕದಲ್ಲಿ ನಿಂತಿದ್ದಾಗ್ಲೇ ಹೇಳ್ದೆ."

ರೇಣು ಹತ್ತಿರ ಬಂದಳು. "ಸಾರ್, ಕೂತ್ಕೊಳ್ಳಿ ಸಾರ್, ಎಲ್ರೂ ನೋಡ್ತಾ ಇದಾರೆ" ಎಂದಳು, ನನಗೆ ಮಾತ್ರ ಕೇಳುವ ಹಾಗೆ.

"ನೋಡ್ಲಿ. ನೋಡ್ಲಿ ಅಂತಾನೇ ಬಂದಿರೋದು." ನಾನು ಅವಳ ಕಡೆ ತಿರುಗಿದೆ.  "ನೀನು ಮಾಡೋ ಕೆಲಸಕ್ಕೆ ನಾನು ನಾಚ್ಕೊಂಡೆ. ಅಮ್ಮನಿಗೂ ಹೀಗೇ ಮಾಡಿದ್ದೆ, ಅವಳ ಹತ್ರ ಕೇಳೋಕೆ ಆಗ್ಲೇ ಇಲ್ಲ. ನಿನ್ನ ಹತ್ರ ಕೇಳ್ತಾ ಇದೀನಿ. ತಪ್ಪಾಯ್ತು ಕಣೆ ರೇಣು. ನನ್ನನ್ನ ಕ್ಷಮಿಸಮ್ಮ."